ಮಲಪ್ರಭೆಯ ದಂಡೆಯಲ್ಲಿ ದಿಕ್ಕು ತಿಳಿಯಲು ನಂದಿಯನ್ನು ನೋಡಿ

ಐಹೊಳೆ, ಪಟ್ಟದಕಲ್ಲು ಸುತ್ತಲಿನ ಹೊಲದ ದಾರಿಗಳಲ್ಲಿ ನಡೆಯುವಾಗ ದಿಕ್ಕು ತಪ್ಪಿದರೆ, ಹತ್ತಿರದ ಶಿವಾಲಯದ ನಂದಿ ಯಾವ ಕಡೆ ನೋಡುತ್ತಿದೆಯೋ ಅದನ್ನು ಪಶ್ಚಿಮವೆಂದು ಹಿಡಿಯಬಹುದು. ಇಲ್ಲಿನ ಹೆಚ್ಚಿನ ಚಾಲುಕ್ಯ ದೇಗುಲಗಳು ಪೂರ್ವಾಭಿಮುಖವಾಗಿದ್ದು, ನಂದಿ ಗರ್ಭಗುಡಿಯ ಲಿಂಗದತ್ತ ಮುಖ ಮಾಡಿರುವುದೇ ಇದಕ್ಕೆ ಕಾರಣ. ಪಟ್ಟದಕಲ್ಲಿನಲ್ಲಿ ಇದನ್ನು ನದಿಯಿಂದಲೂ ತಾಳೆ ನೋಡಬಹುದು: ಅಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುವುದರಿಂದ, ವಿರೂಪಾಕ್ಷ ದೇವಾಲಯಕ್ಕೆ ಬೆನ್ನು ಮಾಡಿ ಹೊಳೆಯತ್ತ ನಿಂತವರಿಗೆ ನೀರು ಬಲದಿಂದ ಎಡಕ್ಕೆ ಸಾಗುತ್ತದೆ. ಆದರೆ ಊರು ದಾಟಿದ ಮೇಲೆ ನದಿ ತಿರುಗುತ್ತಾ ಹೋಗುವುದರಿಂದ ಹರಿವೊಂದನ್ನೇ ನಂಬಬಾರದು. ಬಂಡೆ ಕೊರೆದ ಗುಡಿಗಳಿಗೂ ಈ ಲೆಕ್ಕ ಹೊಂದುವುದಿಲ್ಲ. ಐಹೊಳೆಯ ರಾವಣಫಡಿ ನೈಋತ್ಯಕ್ಕೂ ಬಾದಾಮಿಯ ಗುಹೆಗಳು ಉತ್ತರಕ್ಕೂ ತೆರೆದುಕೊಂಡಿವೆ. ಮೂಲ ಜಾಗದಿಂದ ಎತ್ತಿ ತಂದು ಮರದ ಕಟ್ಟೆಯ ಮೇಲಿಟ್ಟ ನಂದಿಯನ್ನಂತೂ ದಾರಿ ಕೇಳಲೇಬೇಡಿ.