ಈಗ ಇಲ್ಲದ ತಂಡದ ಚರಿತ್ರೆ ಬರೆಯುವುದು ಹೇಗೆ? ಯುಗೊಸ್ಲಾವಿಯಾದ ಹುಡುಗರ ಬೆನ್ನು ಹಿಡಿದು

ಫುಟ್‌ಬಾಲ್‌ನ ಅಂಡರ್-20 ವಿಶ್ವಕಪ್ ಗೆದ್ದವರ ಪಟ್ಟಿ ತೆಗೆದು ನೋಡಿ. 1987ರ ಸಾಲಿನಲ್ಲಿ ಯುಗೊಸ್ಲಾವಿಯಾ ಅಂತ ಇರುತ್ತದೆ. ಆ ದೇಶ ಈಗ ಇಲ್ಲ, ಆ ಧ್ವಜ ಇಲ್ಲ, ಆ ಹೆಸರಿನ ತಂಡವೂ ಇಲ್ಲ. ಆದರೆ ಅವತ್ತು ಆ ಅಂಗಿ ಹಾಕಿದ್ದ ಹುಡುಗರಲ್ಲಿ ಒಬ್ಬರು ನಮಗೆಲ್ಲ ಗೊತ್ತಿರುವವರೇ. 2019ರಿಂದ 2024ರ ತನಕ ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮ್ಯಾಕ್. ನನಗೆ ಈ ತಂಡದ ಹುಚ್ಚು ಹಿಡಿದದ್ದು ಆ ಒಂದು ಎಳೆಯಿಂದಲೇ.

ಇಂಥ ತಂಡದ ಬಗ್ಗೆ ಬರೆಯೋಕೆ ಕೂತರೆ ಬೇರೆ ತಂಡಗಳಿಗೆ ಇಲ್ಲದ ತೊಂದರೆಗಳು ಎದುರಾಗುತ್ತವೆ. ದಾಖಲೆ ಇಟ್ಟುಕೊಂಡು ಬರುವ ಒಂದು ಮನೆ ಇರುವುದಿಲ್ಲ. ಪ್ರತಿ ಹೊಸ ದೇಶವೂ ತನಗೆ ಬೇಕಾದಷ್ಟನ್ನು ಎತ್ತಿಕೊಂಡು ಹೋಗಿರುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ: ದೇಶವನ್ನು ಹಿಡಿದು ಹೋಗಬೇಡಿ, ಹುಡುಗರನ್ನು ಹಿಡಿದು ಹೋಗಿ. ಹೇಗೆ ಅಂತ ಈ ತಂಡವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು, ಯಾವ ತಂಡ ಅಂತ ಗಟ್ಟಿ ಮಾಡಿಕೊಳ್ಳಿ. ಸುಲಭ ಅನಿಸುತ್ತದೆ, ಅಲ್ವಾ? ಅಲ್ಲ. 1992ರಲ್ಲಿ ಹಳೇ ಯುಗೊಸ್ಲಾವಿಯಾ ಒಡೆದು ಹೋದ ಮೇಲೆ ಸೆರ್ಬಿಯಾ ಮತ್ತು ಮಾಂಟೆನೆಗ್ರೊ ಎರಡೇ ಸೇರಿ ಮತ್ತೆ ಅದೇ ಹೆಸರು ಇಟ್ಟುಕೊಂಡವು. 2003ರಲ್ಲಿ ಆ ಹೆಸರೂ ಹೋಗಿ 'ಸೆರ್ಬಿಯಾ ಮತ್ತು ಮಾಂಟೆನೆಗ್ರೊ' ಆಯಿತು. 2006ರಲ್ಲಿ ಅದೂ ಎರಡಾಯಿತು. ಹಾಗಾಗಿ 'ಯುಗೊಸ್ಲಾವಿಯಾ, 1996' ಅಂತ ಕಂಡರೆ ಅದು ನಿಮ್ಮ ತಂಡ ಅಲ್ಲ, ಪಕ್ಕಕ್ಕಿಡಿ.

ವಯಸ್ಸಿನದೂ ಅಷ್ಟೇ. ಅಂಡರ್-21 ಅನ್ನುವುದು ಯುರೋಪಿನ ಟೂರ್ನಿ, ಅಂಡರ್-20 ಜಗತ್ತಿನದು, ಇವೆರಡೂ ಬೇರೆ ಬೇರೆ ತಂಡ. 1978ರಲ್ಲಿ ಯುರೋಪಿನ ಮೊದಲ ಅಂಡರ್-21 ಕಪ್ ಗೆದ್ದದ್ದು ಯುಗೊಸ್ಲಾವಿಯಾವೇ, ಫೈನಲ್‌ನಲ್ಲಿ ಪೂರ್ವ ಜರ್ಮನಿಯನ್ನು ಸೋಲಿಸಿ. ಅದನ್ನು ಅಂಡರ್-20ರ ಕಥೆಗೆ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಇನ್ನೊಂದು ವಿಷಯ, ಅಂಡರ್-20 ವಿಶ್ವಕಪ್ ಅನ್ನುವ ಹೆಸರು ಬಂದದ್ದೇ 2007ರಲ್ಲಿ. ಅದಕ್ಕೂ ಮೊದಲು ಅದು ವಿಶ್ವ ಯೂತ್ ಚಾಂಪಿಯನ್‌ಶಿಪ್. ಹಳೇ ಪತ್ರಿಕೆ ಹುಡುಕುವಾಗ ಹಳೇ ಹೆಸರನ್ನೇ ಹಾಕಿ, ಇಲ್ಲದಿದ್ದರೆ ಕೈಗೆ ಏನೂ ಹತ್ತುವುದಿಲ್ಲ.

ಆಮೇಲೆ ಪಂದ್ಯಗಳನ್ನು ಬರೆದುಕೊಳ್ಳಿ. ಕಥೆ ಬೇಡ, ಬರೀ ಪಂದ್ಯ. ಎದುರಾಳಿ, ಸ್ಕೋರ್, ಗೋಲು ಹೊಡೆದವರು. ಈ ತಂಡ ಜಗತ್ತಿನ ಟೂರ್ನಿ ಆಡಿದ್ದು ಎರಡೇ ಸಲ. 1979ರಲ್ಲಿ ಜಪಾನ್‌ನಲ್ಲಿ ಅರ್ಜೆಂಟೀನಾ, ಪೋಲೆಂಡ್, ಇಂಡೊನೇಷ್ಯಾ ಇದ್ದ ಗುಂಪಿನಲ್ಲೇ ಹೊರಬಿತ್ತು. ಆ ಅರ್ಜೆಂಟೀನಾದಲ್ಲಿ ಮರಡೋನಾ ಇದ್ದರು, ಕಪ್ ಅವರದೇ ಆಯಿತು. ಎರಡನೇ ಸಲ 1987, ಚಿಲಿ. ಕೋಚ್ ಮಿರ್ಕೊ ಯೊಜಿಚ್. ಅಕ್ಟೋಬರ್ 10ರಂದು ಮೊದಲ ಪಂದ್ಯವೇ ಆತಿಥೇಯ ಚಿಲಿ ಮೇಲೆ, 4–2. ಆಸ್ಟ್ರೇಲಿಯಾ ಮೇಲೆ 4–0. ಟೋಗೊ ಮೇಲೆ 4–1. ಕ್ವಾರ್ಟರ್‌ಫೈನಲ್‌ನಲ್ಲಿ ಬ್ರೆಜಿಲ್ ಸಿಕ್ಕಿತು, ಪಂದ್ಯ ಮುಗಿಯಲು ಬಂದಾಗ ಈ ತಂಡದ ಪ್ರೊಸಿನೆಚ್ಕಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದು 2–1 ಮಾಡಿದರು. ಸೆಮಿಫೈನಲ್‌ನಲ್ಲಿ ಪೂರ್ವ ಜರ್ಮನಿ ಮೇಲೆ 2–1. ಅಲ್ಲಿ ಗೋಲು ಹೊಡೆದದ್ದು ನಮ್ಮ ಸ್ಟಿಮ್ಯಾಕ್ ಮತ್ತು ಶುಕೆರ್. ಎದುರಾಳಿ ಕಡೆಯ ಆ ಒಂದು ಗೋಲು ಮತಿಯಾಸ್ ಸಾಮ್ಮರ್ ಅವರದು.

ಫೈನಲ್ ಅಕ್ಟೋಬರ್ 25ಕ್ಕೆ, ಪಶ್ಚಿಮ ಜರ್ಮನಿ ಮೇಲೆ. ಪ್ರೊಸಿನೆಚ್ಕಿ ಮತ್ತು ಮಿಯಾತೊವಿಚ್ ಇಬ್ಬರೂ ಆಡುವಂತಿರಲಿಲ್ಲ, ಸೆಮಿಫೈನಲ್‌ನ ಕಾರ್ಡುಗಳಿಂದ ಹೊರಗೆ ಕೂತಿದ್ದರು. 85ನೇ ನಿಮಿಷದಲ್ಲಿ ಬೊಬಾನ್ ಗೋಲು ಹೊಡೆದರು. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಎರಡೇ ನಿಮಿಷಕ್ಕೆ ಜರ್ಮನಿಯ ವಿಟೆಚೆಕ್ ಪೆನಾಲ್ಟಿಯಲ್ಲಿ ಸಮ ಮಾಡಿದರು. ಪೆನಾಲ್ಟಿ ಒದೆತಗಳ ಶೂಟೌಟ್‌ನಲ್ಲಿ 5–4, ಕೊನೇ ಒದೆತ ಮತ್ತೆ ಬೊಬಾನ್ ಅವರದು. ಆ ಟೂರ್ನಿಯಲ್ಲಿ ಜಾಸ್ತಿ ಗೋಲು ಹೊಡೆದವರು ಇದೇ ವಿಟೆಚೆಕ್, 7 ಗೋಲು. ಶೂಟೌಟ್‌ನಲ್ಲಿ ಗೋಲು ಹೊಡೆಯಲಾಗದೆ ಹೋದವರೂ ಅವರೇ. ನನಗೆ ಆ ಹುಡುಗನ ನೆನಪಾದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಇಲ್ಲಿ ಒಂದು ಲೆಕ್ಕದ ನಿಯಮ ನೆನಪಿಡಿ. ಶೂಟೌಟ್‌ಗೆ ಹೋದ ಪಂದ್ಯ ಅಂಕಿಅಂಶದಲ್ಲಿ ಡ್ರಾ. ಹಾಗಾಗಿ ಈ ತಂಡದ ಲೆಕ್ಕ ಆರಕ್ಕೆ ಆರು ಗೆಲುವು ಅಲ್ಲ, ಐದು ಗೆಲುವು, ಒಂದು ಡ್ರಾ, 17 ಗೋಲು. ಶೂಟೌಟಿನ ಗೋಲುಗಳನ್ನು ಇದಕ್ಕೆ ಕೂಡಿಸಬೇಡಿ. ಒಂದೊಂದು ಕಡೆ ಒಂದೊಂದು ಮೊತ್ತ ಕಂಡರೆ ಮೊದಲು ಈ ಕಾರಣ ನೋಡಿ.

ಈಗ ಮುಖ್ಯ ಕೆಲಸ, ಆಟಗಾರರ ಪಟ್ಟಿ. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಮ್ಮಿಯೇ. ಹೆಸರು, ಹುಟ್ಟಿದ ಊರು, 1987ರ ಕ್ಲಬ್, ಆಮೇಲೆ ಆಡಿದ ದೇಶ, ಹೀಗೆ ನಾಲ್ಕು ಕಾಲಂ ಹಾಕಿಕೊಳ್ಳಿ. ಹುಟ್ಟಿದ ಊರನ್ನು ಅವತ್ತಿನ ಹೆಸರಿನಲ್ಲೇ ಬರೆಯಿರಿ. ಮಿಯಾತೊವಿಚ್ ಹುಟ್ಟಿದ್ದು ತಿತೊಗ್ರಾದ್‌ನಲ್ಲಿ, ಆ ಊರು 1992ರಿಂದ ಪೊದ್ಗೊರಿತ್ಸಾ. ಗೋಲ್‌ಕೀಪರ್ ಲೆಕೊವಿಚ್, ಬ್ರ್ನೊವಿಚ್, ಮಿಯಾತೊವಿಚ್, ಈ ಮೂವರೂ ಅದೇ ಊರಿನ ಬುದುಚ್ನೊಸ್ತ್ ಕ್ಲಬ್ಬಿನವರು. ಒಂದು ಸಣ್ಣ ಊರಿನ ಕ್ಲಬ್ ವಿಶ್ವ ಚಾಂಪಿಯನ್ ತಂಡಕ್ಕೆ ಮೂವರನ್ನು ಕೊಟ್ಟಿತ್ತು ಅನ್ನುವುದು ಈ ಕಾಲಂ ತುಂಬಿದ ಮೇಲೇ ನನ್ನ ಕಣ್ಣಿಗೆ ಬಿದ್ದದ್ದು. ಶುಕೆರ್ ಓಸಿಯೆಕ್‌ನವರು, ಬೊಬಾನ್ ಇಮೊತ್ಸ್ಕಿಯವರು, ಯಾರ್ನಿ ಚಾಕೊವೆಟ್ಸ್‌ನವರು. ಪ್ರೊಸಿನೆಚ್ಕಿ ಹುಟ್ಟಿದ್ದು ಪಶ್ಚಿಮ ಜರ್ಮನಿಯಲ್ಲಿ.

ನಾಲ್ಕನೇ ಕಾಲಂಗೆ ಬಂದಾಗ ಕೈ ತಾನಾಗಿ ನಿಧಾನವಾಗುತ್ತದೆ. ಬೊಬಾನ್, ಶುಕೆರ್, ಪ್ರೊಸಿನೆಚ್ಕಿ, ಯಾರ್ನಿ, ಸ್ಟಿಮ್ಯಾಕ್ ಐವರೂ ಕ್ರೊವೇಷಿಯಾ. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿ ಈ ಐವರೂ ಇದ್ದರು, ಶುಕೆರ್ 6 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು. ಅದೇ ವಿಶ್ವಕಪ್‌ನಲ್ಲಿ ಮಿಯಾತೊವಿಚ್ ಹೊಸ ಯುಗೊಸ್ಲಾವಿಯಾಕ್ಕೆ ಆಡಿದರು. ಎರಡನೇ ಗೋಲ್‌ಕೀಪರ್ ಪಿಪ್ಲಿಟ್ಸಾ ಮುಂದೆ ಬೋಸ್ನಿಯಾಕ್ಕೆ. ಬ್ರ್ನೊವಿಚ್ ಮುಂದೆ ಮಾಂಟೆನೆಗ್ರೊ ತಂಡದ ಕೋಚ್. ಒಂದೇ ಬಸ್ಸಿನಲ್ಲಿ ಓಡಾಡಿದ ಹುಡುಗರು ಎಷ್ಟು ಧ್ವಜಗಳ ಕೆಳಗೆ ಹಂಚಿಹೋದರು ನೋಡಿ. ಪ್ರೊಸಿನೆಚ್ಕಿ ಅಂತೂ 1990ರಲ್ಲಿ ಯುಗೊಸ್ಲಾವಿಯಾಕ್ಕೆ, 1998ರಲ್ಲಿ ಕ್ರೊವೇಷಿಯಾಕ್ಕೆ, ಎರಡು ದೇಶಕ್ಕೂ ವಿಶ್ವಕಪ್ ಗೋಲು ಹೊಡೆದವರು.

ಹೆಸರುಗಳ ಬಗ್ಗೆ ಒಂದು ಮಾತು, ಕನ್ನಡದಲ್ಲಿ ಬರೆಯುವವರಿಗೆ ಇದು ತುಂಬಾ ಮುಖ್ಯ. ಇಂಗ್ಲಿಷ್ ಅಕ್ಷರ ನೋಡಿ ಬರೆದರೆ 'ಜಾರ್ನಿ', 'ಮಿಜಾಟೋವಿಕ್' ಅಂತೆಲ್ಲ ಆಗಿಬಿಡುತ್ತದೆ. ಅಲ್ಲಿನ ಜೆ ಅಕ್ಷರ ನಮ್ಮ 'ಯ'. ಮೇಲೆ ಗುರುತಿರುವ ಎಸ್ ನಮ್ಮ 'ಶ', ಗುರುತಿರುವ ಸಿ ನಮ್ಮ 'ಚ', ಗುರುತಿಲ್ಲದ ಸಿ 'ತ್ಸ' ಅಥವಾ 'ಟ್ಸ್'. ನಾವು ಸ್ಟಿಮ್ಯಾಕ್ ಅಂತ ಕರೆದವರು ಅವರ ಊರಿನಲ್ಲಿ ಶ್ಟಿಮಾಟ್ಸ್. ಇಂಗ್ಲಿಷಿಗಿಂತ ಕನ್ನಡ ಲಿಪಿಯಲ್ಲೇ ಈ ಹೆಸರುಗಳು ಸರಿಯಾಗಿ ಕೂರುತ್ತವೆ, ಆ ಅನುಕೂಲವನ್ನು ಯಾಕೆ ಬಿಡಬೇಕು? ನಮ್ಮಲ್ಲಿ ರೂಢಿಯಾದ ಹೆಸರು ಇದ್ದರೆ ಅದನ್ನು ಇಟ್ಟುಕೊಳ್ಳಿ, ಒಂದು ಸಲ ಮಾತ್ರ ಮೂಲ ಉಚ್ಚಾರ ಹೇಳಿ. ಹುಡುಕುವಾಗ ಗುರುತು ಇರುವ ರೂಪ, ಇಲ್ಲದ ರೂಪ, ಸಿರಿಲಿಕ್ ರೂಪ ಮೂರನ್ನೂ ಹಾಕಿ ನೋಡಿ. ಅಲ್ಲಿನವರು ಈ ತಂಡವನ್ನು 'ಚಿಲೆಯಾಂತ್ಸಿ', ಅಂದರೆ ಚಿಲಿಯವರು ಅಂತಲೇ ಕರೆಯುತ್ತಾರೆ. ಅಂಡರ್-20 ಅಂತ ಹುಡುಕಿದಾಗ ಸಿಗದ ಎಷ್ಟೋ ಹಳೇ ಸಂದರ್ಶನಗಳು ಈ ಒಂದು ಪದ ಹಾಕಿದರೆ ಸಿಗುತ್ತವೆ.

ಚಿಲಿಗೆ ಹೋದವರ ಪಟ್ಟಿ ಆಯಿತು, ಹೋಗದವರ ಪಟ್ಟಿಯನ್ನೂ ಮಾಡಿ. ಇದನ್ನು ಜಾಸ್ತಿ ಜನ ಮಾಡುವುದಿಲ್ಲ. ಸಿನಿಶಾ ಮಿಹಾಯ್ಲೊವಿಚ್, ವ್ಲಾದಿಮಿರ್ ಯುಗೊವಿಚ್, ಅಲೆನ್ ಬೊಕ್ಷಿಚ್ ಮೂವರೂ ಅದೇ ವಯಸ್ಸಿನವರು, ಮೂವರೂ ಚಿಲಿಗೆ ಹೋಗಲಿಲ್ಲ. ಮೊದಲ ಇಬ್ಬರು ನಾಲ್ಕೇ ವರ್ಷಕ್ಕೆ, 1991ರಲ್ಲಿ, ಪ್ರೊಸಿನೆಚ್ಕಿ ಜೊತೆ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಕ್ಲಬ್ ಪರ ಯುರೋಪಿಯನ್ ಕಪ್ ಗೆದ್ದರು. 1993ರಲ್ಲಿ ಫ್ರಾನ್ಸಿನ ಮಾರ್ಸೆ ಕ್ಲಬ್ ಪರ ಬೊಕ್ಷಿಚ್ ಚಾಂಪಿಯನ್ಸ್ ಲೀಗ್ ಗೆದ್ದರು. ಅಂಥವರಿಲ್ಲದೇ ಗೆದ್ದ ತಂಡ ಇದು. ಅಷ್ಟೇ ಅಲ್ಲ, ಟೂರ್ನಿ ನಡೆಯುತ್ತಿದ್ದಾಗಲೇ ಪ್ರೊಸಿನೆಚ್ಕಿ ವಾಪಸ್ ಬಂದು ಬೆಲ್ಜಿಯಂನ ಬ್ರೂಜ್ ಕ್ಲಬ್ ಮೇಲಿನ ಯುಎಫಾ ಕಪ್ ಪಂದ್ಯ ಆಡಲಿ ಅಂತ ರೆಡ್ ಸ್ಟಾರ್ ಬಯಸಿತ್ತು. ಮಾತು ಫಿಫಾ ಅಧ್ಯಕ್ಷ ಹವೆಲಾಂಜ್ ತನಕ ಹೋಗಿ, ಹುಡುಗ ಚಿಲಿಯಲ್ಲೇ ಉಳಿದರು. ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಗೋಲ್ಡನ್ ಬಾಲ್ ಸಿಕ್ಕಿದ್ದು ಅವರಿಗೇ.

ಆಡಿದ ಜಾಗದ ಚರಿತ್ರೆಯನ್ನೂ ಓದಿ. ಫೈನಲ್ ನಡೆದದ್ದು ಸಾಂಟಿಯಾಗೊದ ಎಸ್ತಾದಿಯೊ ನಾಸಿಯೊನಾಲ್‌ನಲ್ಲಿ. 1973ರ ಸೇನಾ ದಂಗೆ ಆದಾಗ ಸಾವಿರಾರು ಜನರನ್ನು ಕೂಡಿಹಾಕಿ ಹಿಂಸೆ ಕೊಟ್ಟ ಜಾಗ ಅದು. ಆ ವರ್ಷ ನವೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ ಅಲ್ಲಿ ಆಡುವುದಿಲ್ಲ ಅಂತ ಸೋವಿಯತ್ ಒಕ್ಕೂಟ ಹಿಂದೆ ಸರಿದಿತ್ತು. 1987ರಲ್ಲೂ ಆ ದಂಗೆಯ ನಾಯಕ ಪಿನೊಚೆಯೇ ಅಧಿಕಾರದಲ್ಲಿದ್ದರು. ಇದನ್ನು ಬಿಟ್ಟು ಬರೀ 'ತುಂಬಿ ತುಳುಕುವ ಮೈದಾನ' ಅಂತ ಬರೆದರೆ ನನ್ನ ಪ್ರಕಾರ ಅದು ಅರ್ಧ ಚರಿತ್ರೆ.

ಮುಂದಿನದು ಕಷ್ಟದ ಭಾಗ. ಆಮೇಲೆ ಯುಗೊಸ್ಲಾವಿಯಾ ಒಡೆದು ಯುದ್ಧ ಆಯಿತು ಅಂತ ನಿಮಗೆ ಗೊತ್ತು. ಹುಡುಗರಿಗೆ ಗೊತ್ತಿರಲಿಲ್ಲ. 1990ರ ಮೇ 13ರಂದು ಜಾಗ್ರೆಬ್‌ನ ಮಾಕ್ಸಿಮಿರ್ ಮೈದಾನದಲ್ಲಿ, ದಿನಾಮೊ ಜಾಗ್ರೆಬ್ ಮತ್ತು ರೆಡ್ ಸ್ಟಾರ್ ಅಭಿಮಾನಿಗಳ ಗಲಾಟೆಯ ನಡುವೆ ಬೊಬಾನ್ ಪೊಲೀಸನನ್ನು ಒದ್ದ ಚಿತ್ರ ಎಲ್ಲರ ತಲೆಯಲ್ಲಿದೆ. ಆ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು 1987ರ ಬೊಬಾನ್ ಬಗ್ಗೆ ಬರೆದರೆ, ಟೂರ್ನಿ ಶುರುವಾಗುವ ಎರಡು ದಿನ ಮೊದಲಷ್ಟೇ 19 ತುಂಬಿದ್ದ ಹುಡುಗ ಮಾಯವಾಗಿ ರಾಜಕೀಯದ ಬೊಂಬೆ ಒಂದು ಉಳಿಯುತ್ತದೆ. ನಾನು ಮಾಡುವುದು ಇಷ್ಟು: ಪ್ರತಿ ಪ್ಯಾರಾಕ್ಕೂ ಒಂದು ತಾರೀಖು ಕೊಟ್ಟುಕೊಳ್ಳುತ್ತೇನೆ, ಆ ತಾರೀಖಿನ ಆಚೆ ಆದದ್ದನ್ನು ಆ ಪ್ಯಾರಾದಲ್ಲಿ ಬರೆಯುವುದಿಲ್ಲ. ಯುದ್ಧ ಬರುವ ಪ್ಯಾರಾದಲ್ಲಿ ಯುದ್ಧ ಬರಲಿ. 1992ರ ಮೇ 30ರ ವಿಶ್ವಸಂಸ್ಥೆಯ ನಿರ್ಬಂಧ, ಯುರೋ ಕಪ್‌ನಿಂದ ತಂಡ ಹೊರಬಿದ್ದದ್ದು, ಬದಲಿಗೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದದ್ದು, ಎಲ್ಲಕ್ಕೂ ಅದರದರ ಜಾಗ ಇದೆ.

ಕಪ್ ಈಗ ಯಾರದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಿರಿಯರ ತಂಡದ ಹಳೇ ದಾಖಲೆಯನ್ನು ಫಿಫಾ ಸೆರ್ಬಿಯಾದ ಲೆಕ್ಕಕ್ಕೆ ಹಾಕುತ್ತದೆ. 2015ರಲ್ಲಿ ನ್ಯೂಜಿಲೆಂಡ್‌ನಲ್ಲಿ ಸೆರ್ಬಿಯಾದ ಹುಡುಗರು ಬ್ರೆಜಿಲ್ ಮೇಲೆ 2–1ರಲ್ಲಿ ಅಂಡರ್-20 ವಿಶ್ವಕಪ್ ಗೆದ್ದಾಗ ಕೆಲವರು ಎರಡನೇ ಕಪ್ ಅಂದರು, ಕೆಲವರು ಮೊದಲನೆಯದು ಅಂದರು. ನಾನು ಎರಡನ್ನೂ ಬೇರೆ ಸಾಲಿನಲ್ಲೇ ಇಡುತ್ತೇನೆ. 1987ರ ಕೋಚ್ ಯೊಜಿಚ್ ಕ್ರೊವೇಷಿಯಾದ ತ್ರಿಲ್ಯ್ ಊರಿನವರು, ಗೋಲ್‌ಕೀಪರ್ ಲೆಕೊವಿಚ್ ಮಾಂಟೆನೆಗ್ರೊದ ಕ್ಲಬ್ಬಿನವರು. ಇಂಥ ತಂಡವನ್ನು ಯಾವ ಒಂದು ದೇಶಕ್ಕೂ ಬರೆದುಕೊಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬೇರೆ ತಂಡದ ಮೇಲೆ ಕೆಲಸ ಮಾಡುವವರಿಗೂ ಇದೇ ದಾರಿ ಆಗುತ್ತದೆ. 1977ರಲ್ಲಿ ಟ್ಯುನೀಷಿಯಾದಲ್ಲಿ ಮೊಟ್ಟಮೊದಲ ಯೂತ್ ಕಪ್ ಗೆದ್ದದ್ದು ಸೋವಿಯತ್ ಒಕ್ಕೂಟ, 1991ರ ಜೂನ್‌ನಲ್ಲಿ ಪೋರ್ಚುಗಲ್‌ನಲ್ಲಿ ಮೂರನೇ ಸ್ಥಾನ ಪಡೆದು ಆರು ತಿಂಗಳಿಗೆ ದೇಶವೇ ಇರಲಿಲ್ಲ. ಇನ್ನೂ ವಿಚಿತ್ರ ಬೇಕಿದ್ದರೆ 'ಸೆರ್ಬಿಯಾ ಮತ್ತು ಮಾಂಟೆನೆಗ್ರೊ' ಅಂಡರ್-21 ತಂಡ ತೆಗೆದುಕೊಳ್ಳಿ. 2006ರ ಮೇ 21ಕ್ಕೆ ಮಾಂಟೆನೆಗ್ರೊ ಜನ ಬೇರೆಯಾಗುವುದಕ್ಕೆ ಮತ ಹಾಕಿದರು. ಎರಡು ದಿನ ಬಿಟ್ಟು ಯುರೋಪಿನ ಟೂರ್ನಿ ಶುರುವಾಯಿತು. ಹುಡುಗರು ಸೆಮಿಫೈನಲ್ ತನಕ ಹೋಗಿ, ಜೂನ್ 1ರಂದು ಉಕ್ರೇನ್ ಮೇಲೆ ಪೆನಾಲ್ಟಿಯಲ್ಲಿ ಸೋತರು. ಜೂನ್ 3ಕ್ಕೆ ಮಾಂಟೆನೆಗ್ರೊ ಸ್ವತಂತ್ರ ದೇಶ.

ಕೊನೆಗೆ, ಎಲ್ಲಿ ನಿಲ್ಲಿಸಬೇಕು? ಯುಗೊಸ್ಲಾವಿಯಾದ ಫುಟ್‌ಬಾಲ್ ಸಂಸ್ಥೆ ಮುಚ್ಚಿದ ದಿನಕ್ಕೆ ನಿಲ್ಲಿಸಬಹುದು. 1990ರ ಅಂಡರ್-21 ಫೈನಲ್‌ಗೂ ನಿಲ್ಲಿಸಬಹುದು, ಸರಾಯೆವೊ ಮತ್ತು ಸಿಮ್ಫೆರೊಪೊಲ್‌ನಲ್ಲಿ ನಡೆದ ಆ ಎರಡು ಪಂದ್ಯದಲ್ಲಿ ಆಡಿದ ಯುಗೊಸ್ಲಾವಿಯಾ, ಸೋವಿಯತ್ ಒಕ್ಕೂಟ ಎರಡೂ ಸ್ವಲ್ಪ ದಿನಕ್ಕೇ ಇಲ್ಲವಾದವು. ಆದರೆ ಹುಡುಗರ ಬೆನ್ನು ಹಿಡಿದವರು ಇನ್ನೂ ಮುಂದೆ ಹೋಗಬೇಕು. ನನ್ನ ಪಟ್ಟಿಯ ಕೊನೇ ಸಾಲು 1999ರ ಅಕ್ಟೋಬರ್ 9. ಜಾಗ್ರೆಬ್, ಅದೇ ಮಾಕ್ಸಿಮಿರ್, ಯುರೋ 2000ರ ಅರ್ಹತಾ ಪಂದ್ಯ. ಕ್ರೊವೇಷಿಯಾ ಕಡೆ ಯಾರ್ನಿ, ಯುಗೊಸ್ಲಾವಿಯಾ ಕಡೆ ಮಿಯಾತೊವಿಚ್. ಚಿಲಿಗೆ ಹೋಗದ ಬೊಕ್ಷಿಚ್ ಒಂದು ಗೋಲು ಹೊಡೆದರು, ಚಿಲಿಗೆ ಹೋಗಿದ್ದ ಮಿಯಾತೊವಿಚ್ ಒಂದು ಗೋಲು ಹೊಡೆದರು. 2–2.