ಹಿರೇಬೆಣಕಲ್‌ನ ಮೊರೇರ ಗುಡ್ಡ: ಬಿಸಿಲೇರುವ ಮುಂಚೆ ಹತ್ತಿ ಇಳಿಯುವುದು ಹೇಗೆ

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್. ಅಲ್ಲಿನ ಕಲ್ಲುಗುಡ್ಡಗಳ ಸಾಲಿಗೆ ಏಳು ಗುಡ್ಡ ಅನ್ನುತ್ತಾರೆ. ಮೇಲೆ ಕಲ್ಮನೆಗಳಿರುವ ಭಾಗ ಮೊರೇರ ಗುಡ್ಡ. ಮೂರಡಿ ಎತ್ತರದ ಮೊರೇರು ಕಟ್ಟಿಕೊಂಡು ಬಾಳಿದ ಮನೆಗಳಿವು, ಬೆಂಕಿಮಳೆ ಸುರಿದು ಅವರೆಲ್ಲ ಅಳಿದರು ಎಂಬುದು ಈ ಕಡೆಯ ಕಥೆ. ಪುರಾತತ್ವದವರ ಲೆಕ್ಕದಲ್ಲಿ ಇವು ಸಮಾಧಿಗಳು. ಸುಮಾರು 400 ಇವೆ, ಕ್ರಿ.ಪೂ. 800ರಿಂದ 200ರ ನಡುವಿನವು. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಇಷ್ಟೆಲ್ಲ ಹೆಸರಿದ್ದರೂ ಮೇಲೆ ಅಂಗಡಿಯಿಲ್ಲ, ನಲ್ಲಿಯಿಲ್ಲ, ನೆಮ್ಮದಿಯಾಗಿ ಕೂರಲು ದೊಡ್ಡ ಮರದ ನೆರಳೂ ಇಲ್ಲ.

ಗಂಗಾವತಿ ಹತ್ತಿರದ ಆಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಬಂದವರು ಇದನ್ನು ಕೆಳಗಿನಿಂದ ನೋಡಿ ‘ಇದೇನು ಮಹಾ’ ಅಂದುಕೊಳ್ಳುವುದುಂಟು. ಎತ್ತರ ಮಹಾ ಅಲ್ಲ, ನಿಜ. ಇಲ್ಲಿ ಜನರನ್ನು ಸೋಲಿಸುವುದು ಎರಡೇ: ಬಿಸಿಲು ಕುಡಿದು ಕಾಯುವ ಬಂಡೆ, ಮತ್ತು ಎತ್ತ ನೋಡಿದರೂ ಒಂದೇ ಥರ ಕಾಣುವ ಬಂಡೆಗಳ ನಡುವೆ ತಪ್ಪುವ ದಿಕ್ಕು. ತಯಾರಿಯೆಲ್ಲ ಈ ಎರಡಕ್ಕೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ಮಾರ್ಚ್ ಬಂದರೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಸೀಮೆ ಇದು. ಬಂಡೆಯ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು. ಮಳೆಗಾಲದಲ್ಲಿ ಹಸಿರೇನೋ ಚೆಂದ, ಆದರೆ ಬಂಡೆಯ ಮೇಲೆ ನೀರಿಳಿದ ಕಪ್ಪು ಪಟ್ಟೆಗಳು ಒದ್ದೆಯಾದರೆ ಸಾಬೂನಿನ ಹಾಗೆ ಜಾರುತ್ತವೆ. ಮಳೆ ನಿಂತ ಮೇಲೂ ಕೆಲವು ವಾರ ಹುಲ್ಲು ಮೊಣಕಾಲೆತ್ತರ ಇರುತ್ತದೆ, ಕಾಲಿಡುವ ಜಾಗ ಕಾಣುವುದಿಲ್ಲ. ನವೆಂಬರ್ ಅಂದಿದ್ದು ಅದಕ್ಕೇ.

ದಿನದ ಲೆಕ್ಕ ತಿಂಗಳ ಲೆಕ್ಕಕ್ಕಿಂತ ಮುಖ್ಯ. ಬೆಳಿಗ್ಗೆ 7ಕ್ಕೆ ಊರಿನಿಂದ ನಡಿಗೆ ಶುರುವಾಗಬೇಕು. ಅದಕ್ಕೂ ಮುಂಚೆ, ಕತ್ತಲಲ್ಲಿ ಟಾರ್ಚ್ ಹಿಡಿದು ಹೊರಡುವುದು ತಪ್ಪು. ರಾತ್ರಿ ಮೇಯಲು ಹೋದ ಕರಡಿಗಳು ಗವಿಗೆ ಮರಳುವ ಹೊತ್ತು ಅದು. ನಿಧಾನಕ್ಕೆ ಹತ್ತಿದರೆ ಒಂದೂವರೆ ತಾಸು ಹಿಡಿಯಿರಿ, ಮೇಲೆ ಎರಡು ತಾಸು, ಇಳಿಯಲು ಒಂದೂಕಾಲು ತಾಸು. ಹತ್ತೂವರೆಗೆ ಇಳಿಯಲು ಆರಂಭಿಸಿದರೆ ಹನ್ನೆರಡರೊಳಗೆ ಊರಲ್ಲಿರುತ್ತೀರಿ. ‘ಬಿಸಿಲು ಇಳಿದ ಮೇಲೆ ನಾಲ್ಕಕ್ಕೆ ಹತ್ತೋಣ’ ಎಂಬ ಲೆಕ್ಕ ಮಾತ್ರ ಹಾಕಬೇಡಿ. ಸೂರ್ಯ ಓರೆಯಾದರೂ ಬಂಡೆ ಹಗಲೆಲ್ಲ ಉಂಡ ಕಾವನ್ನು ಸಂಜೆಯವರೆಗೂ ಕಕ್ಕುತ್ತಲೇ ಇರುತ್ತದೆ. ಆ ಕಾವಿನಲ್ಲಿ ಹತ್ತಿ, ಕತ್ತಲಲ್ಲಿ ಇಳಿಯಬೇಕಾಗುತ್ತದೆ.

ಊರು ಮುಟ್ಟುವುದು ಕಷ್ಟವಲ್ಲ. ಗಂಗಾವತಿಯಲ್ಲಿ ಹಿಂದಿನ ರಾತ್ರಿ ಉಳಿದರೆ ಬೆಳಿಗ್ಗೆ ಆಟೊ ಸಾಕು. ಹೊಸಪೇಟೆಯಿಂದ ಸುಮಾರು 35 ಕಿ.ಮೀ.; ಅಲ್ಲಿಂದ ಬರುವವರು ಐದೂವರೆಗೇ ಹೊರಡಬೇಕು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಕೊಪ್ಪಳದ ಕಡೆ ರಸ್ತೆ, ಬಸ್ಸು, ಲಾಡ್ಜು ಎಲ್ಲ ತುಂಬಿರುತ್ತವೆ. ದಿನಾಂಕ ನೋಡಿಕೊಂಡು ಹೊರಡಿ.

ಜೊತೆಗೆ ಊರಿನವರೊಬ್ಬರು ಇರಲಿ. ಇದು ಮರ್ಯಾದೆಯ ಮಾತಲ್ಲ, ದಾರಿಯ ಮಾತು. ಗುಡ್ಡದಲ್ಲಿ ಕುರಿ ಮೇಯಿಸುವವರಿಗೆ ಯಾವ ಸಂದಿನಲ್ಲಿ ಈ ವಾರ ಕರಡಿ ಓಡಾಡಿದೆ, ಯಾವ ಬಂಡೆಗೆ ಜೇನು ಕಟ್ಟಿದೆ ಎಂಬುದು ಗೊತ್ತಿರುತ್ತದೆ. ಫೋನಿನ ನಕ್ಷೆಗೆ ಗೊತ್ತಿರುವುದಿಲ್ಲ. ಹಣ ಎಷ್ಟು ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಅವರ ಪಾಲಿನ ನೀರು, ಬುತ್ತಿ ನೀವೇ ಒಯ್ಯಿರಿ.

ಚೀಲದಲ್ಲಿ ಏನಿರಬೇಕು

ನೀರು, ತಲೆಗೆ 3 ಲೀಟರ್. ಫೆಬ್ರವರಿಯಲ್ಲಿ 4. ಒಂದೇ ದೊಡ್ಡ ಕ್ಯಾನ್ ತರಬೇಡಿ. ಬಂಡೆ ಹತ್ತುವಾಗ ಎರಡೂ ಕೈ ಬೇಕು, ಕೈಯಲ್ಲಿ ಕ್ಯಾನ್ ಹಿಡಿದವರೇ ಮೊದಲು ಬೀಳುವುದು. ಒಂದೊಂದು ಲೀಟರಿನ ಬಾಟಲಿ ಮಾಡಿ ಬೆನ್ನಚೀಲಕ್ಕೆ ಹಾಕಿ. ಬಾಯಾರಿದಾಗ ಗಟಗಟ ಕುಡಿಯುವುದಕ್ಕಿಂತ ಕಾಲು ತಾಸಿಗೊಮ್ಮೆ ನಾಲ್ಕು ಗುಟುಕು ಕುಡಿಯುವುದು ಸರಿ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಕದಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಉಪ್ಪು ಹೆಚ್ಚಾಗಬಾರದು. ಅರ್ಧ ನೀರು ಮುಗಿಯಿತೆಂದರೆ, ನೋಡುವುದು ಎಷ್ಟೇ ಉಳಿದಿದ್ದರೂ, ತಿರುಗಿ.

ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದೆರಡು ಬಾಳೆಹಣ್ಣು. ಬೆಳಿಗ್ಗೆ ಮಿರ್ಚಿ ಭಜಿ ತಿಂದು ಹತ್ತಿದರೆ ಅರ್ಧ ದಾರಿಯಲ್ಲಿ ಎದೆ ಉರಿಯುತ್ತದೆ, ನೀರು ಬೇಗ ಖಾಲಿಯಾಗುತ್ತದೆ. ಅದನ್ನು ಇಳಿದ ಮೇಲೆ ತಿನ್ನಿ.

ಕಾಲಿಗೆ ಹಿಡಿತವಿರುವ ರಬ್ಬರ್ ಅಡಿಯ ಬೂಟು. ಚಪ್ಪಲಿ ಬೇಡವೇ ಬೇಡ: ಜಾಲಿಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಪಾದಕ್ಕೆ ಬರುತ್ತದೆ. ದಪ್ಪ ಬಟ್ಟೆಯ ಪ್ಯಾಂಟು, ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಸುತ್ತಲು ದೊಡ್ಡ ಟವೆಲ್. ಟವೆಲ್ ಟೋಪಿಗಿಂತ ಮೇಲು. ಕತ್ತು ಮುಚ್ಚುತ್ತದೆ, ನೀರು ಚಿಮುಕಿಸಿದರೆ ತಂಪು, ಜೇನೆದ್ದರೆ ಮುಖಕ್ಕೂ ಆಗುತ್ತದೆ. ಎದೆಮಟ್ಟದ ಒಂದು ಕೋಲು. ಮುಳ್ಳು ತೆಗೆಯಲು ಚಿಮಟ.

ನಡೆಯುವ ರೀತಿ

ಈ ಗುಡ್ಡದಲ್ಲಿ ಕಾಲಿಗೆ ಸಿಗುವುದು ಮೂರು ಥರದ ನೆಲ. ಹಾಸುಬಂಡೆ ಒಣಗಿದ್ದರೆ ಅದೇ ಒಳ್ಳೆಯ ದಾರಿ. ಮುಂಗಾಲೂರದೆ ಇಡೀ ಪಾದ ಊರಿ ಹತ್ತಿ. ಎರಡನೆಯದು ಗರಸು: ಬಂಡೆ ಶಿಥಿಲವಾಗಿ ಉದುರಿದ ಜೋಳದ ಕಾಳಿನಷ್ಟು ಹರಳು. ಹಾಸುಬಂಡೆಯ ಇಳಿಜಾರಿನ ಮೇಲೆ ತೆಳ್ಳಗೆ ಗರಸು ಹರಡಿರುವ ಕಡೆಯೇ ಹೆಚ್ಚು ಜನ ಜಾರುವುದು, ಅದೂ ಹತ್ತುವಾಗಲ್ಲ, ಇಳಿಯುವಾಗ. ಅಂಥಲ್ಲಿ ನೇರ ಇಳಿಯದೆ ಅಡ್ಡಡ್ಡ ಇಳಿಯಿರಿ. ನಾಚಿಕೆ ಬಿಟ್ಟು ಕುಂಡೆ ಊರಿದರೂ ಸರಿಯೇ. ಮೂರನೆಯದು ಗುಂಡುಗಳ ರಾಶಿ. ಗುಂಡಿನಿಂದ ಗುಂಡಿಗೆ ಹಾರಬೇಡಿ. ದೊಡ್ಡ ಗುಂಡು ಅಲುಗುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಎಷ್ಟೋ ಗುಂಡುಗಳು ಮೂರು ಕಡೆ ಮಾತ್ರ ಊರಿ ಕೂತಿರುತ್ತವೆ. ಮೊದಲು ಕೋಲಿನಿಂದ ಒತ್ತಿ ನೋಡಿ, ಆಮೇಲೆ ಭಾರ ಹಾಕಿ. ಕಾಣದ ಸಂದಿಗೆ, ತಲೆಯಿಂದ ಮೇಲಿರುವ ಅಂಚಿಗೆ ಬರಿಗೈ ಹಾಕಲೇಬಾರದು. ಹಾವು, ಚೇಳು ತಂಪಿಗೆ ಸೇರುವ ಜಾಗ ಅದೇ.

ದಾರಿ ತಪ್ಪುವುದು ಬಹುತೇಕ ಇಳಿಯುವಾಗ. ಹತ್ತುವಾಗ ಕಂಡ ಬಂಡೆಯ ಬೆನ್ನು ಮಾತ್ರ ಇಳಿಯುವಾಗ ಕಾಣುತ್ತದೆ, ಗುರುತು ಹತ್ತುವುದಿಲ್ಲ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಹಿಂದಿರುಗಿ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಂಡೆಯ ಮೇಲೆ ಬಣ್ಣದ ಬಾಣದ ಗುರುತು ಸಿಕ್ಕರೆ ಒಳ್ಳೆಯದು, ಆದರೆ ಬಣ್ಣ ಮಾಸುತ್ತದೆ, ಅದನ್ನೇ ನೆಚ್ಚಬೇಡಿ. ನೀವಾಗಿ ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡುವುದೂ ಬೇಡ. ರಕ್ಷಿತ ಸ್ಥಳದಲ್ಲಿ ಕಲ್ಲು ಕದಲಿಸಿದಂತಾಗುತ್ತದೆ, ಮುಂದೆ ಬರುವವರಿಗೆ ಸುಳ್ಳುದಾರಿಯಾಗುತ್ತದೆ. ದಾರಿ ತಪ್ಪಿದ್ದು ಖಚಿತವಾದರೆ ‘ಊರು ಅಲ್ಲೇ ಕಾಣ್ತದಲ್ಲ’ ಎಂದು ನೀರು ಹರಿದ ಹಳ್ಳದ ಜಾಡಿನಲ್ಲಿ ನೇರ ಇಳಿಯಬೇಡಿ. ಆ ಜಾಡುಗಳು ಗುಂಡು ಸಿಕ್ಕಿಕೊಂಡ ಇರುಕಿನಲ್ಲೋ ಆಳೆತ್ತರದ ಜಿಗಿತದಲ್ಲೋ ಮುಗಿಯುತ್ತವೆ, ಮತ್ತೆ ಮೇಲೆ ಹತ್ತಲು ಮೈಯಲ್ಲಿ ಕಸುವಿರುವುದಿಲ್ಲ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ವಾಪಸು ಹೋಗಿ ಅಲ್ಲಿಂದ ಹುಡುಕಿ.

ಮೇಲೆ ನೋಡುವುದು

ಮೊದಲ ಕಲ್ಮನೆ ಕಂಡ ಕೂಡಲೇ ಅಲ್ಲೇ ಅರ್ಧ ತಾಸು ಫೋಟೊ ತೆಗೆಯುತ್ತ ನಿಲ್ಲಬೇಡಿ, ಮುಂದೆ ದೊಡ್ಡವು ಸಾಲಾಗಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳುದ್ದಕ್ಕೂ ಮಿಗಿಲು. ಒಂದನ್ನು ಆಯ್ದುಕೊಂಡು ಸುತ್ತ ಬನ್ನಿ: ನಿಂತ ಚಪ್ಪಡಿಗಳ ಮೇಲೆ ಒಂದು ಮುಚ್ಚಲು ಚಪ್ಪಡಿ. ಗಾರೆಯಿಲ್ಲ, ತೂಕವೇ ಬಂಧ. ಹಲವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಇಷ್ಟು ತೆಳ್ಳನೆಯ, ಸಮತಟ್ಟಾದ ಚಪ್ಪಡಿ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಕಾಲ ಕೆಳಗೇ ಇದೆ. ಇಲ್ಲಿನ ಕಣಶಿಲೆ (ಗ್ರಾನೈಟ್) ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತದೆ. ಕಟ್ಟಿದವರು ಆ ಬಿರುಕನ್ನೇ ಹಿಡಿದು ಪದರು ಎಬ್ಬಿಸಿಕೊಂಡರು. ಸಮಾಧಿಗಳ ನಡುವೆ ಇರುವ ಕೆರೆಯೂ ಹಾಗೆ ಕಲ್ಲು ತೆಗೆದ ಜಾಗವೆಂದೇ ತಿಳಿಯಲಾಗಿದೆ. ನೀರು ಕುಡಿಯುವಂಥದ್ದಲ್ಲ. ಈಜಲು ಇಳಿಯಬೇಡಿ, ಅಂಚು ಜಾರುತ್ತದೆ.

ಇನ್ನೊಂದು, ಎತ್ತರದ ಬಂಡೆಯ ಮೇಲೆ ಕೂತಿರುವ ನಗಾರಿ ಕಲ್ಲು. ಬಡಿದರೆ ದೂರಕ್ಕೆ ಕೇಳುವಂತೆ ದನಿ ಕೊಡುತ್ತದೆ ಎಂಬುದು ನಿಜ, ಅದಕ್ಕೇ ಬಂದವರೆಲ್ಲ ಕಲ್ಲು ತೆಗೆದುಕೊಂಡು ಕುಟ್ಟುತ್ತಾರೆ. ಕಲ್ಲಿನಿಂದ ಕುಟ್ಟಿದರೆ ಅಂಚು ಚಕ್ಕೆ ಏಳುತ್ತದೆ. ಅಂಗೈಯಿಂದ ತಟ್ಟಿ, ಕಿವಿಯಿಟ್ಟು ಕೇಳಿ. ಹತ್ತಲು ಭಯವಾದರೆ ಕೆಳಗಿನಿಂದ ನೋಡಿದರೂ ನಷ್ಟವಿಲ್ಲ. ಬಂಡೆಗಳ ಮರೆಯಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ, ಮನುಷ್ಯರು, ಪ್ರಾಣಿಗಳು. ಬಣ್ಣ ಎದ್ದು ಕಾಣಲಿ ಎಂದು ನೀರು ಚಿಮುಕಿಸುವ ಚಟ ಕೆಲವರಿಗಿದೆ; ಚಿತ್ರ ಬೇಗ ಅಳಿಯುವುದು ಅದರಿಂದಲೇ. ನಿಧಿಯಾಸೆಗೆ ಕೆಡವಿದ ಕಲ್ಮನೆಗಳನ್ನೂ ನೋಡುತ್ತೀರಿ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಸರು ಕೆತ್ತುವುದೂ ಹಾನಿಯೇ. ಮುಚ್ಚಲು ಚಪ್ಪಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವವರಿಗೆ ಇನ್ನೊಂದು ಮಾತು: ಅದು ಎರಡು ಸಾವಿರ ವರ್ಷಕ್ಕೂ ಮೇಲೆ ನಿಂತಿದೆ, ನಿಮ್ಮ ತೂಕ ಅದರ ಲೆಕ್ಕದಲ್ಲಿರಲಿಲ್ಲ.

ಎದುರಾಗಬಹುದಾದವು

ಕರಡಿ, ಚಿರತೆ ಎರಡೂ ಈ ಗುಡ್ಡಸಾಲಿನಲ್ಲಿವೆ. ಕರಡಿಗೆ ಕಿವಿ, ಕಣ್ಣು ಅಷ್ಟಕ್ಕಷ್ಟೇ. ತಿರುವಿನಲ್ಲಿ ದಿಢೀರನೆ ಎದುರಾದಾಗಲೇ ಅದು ಮೇಲೆ ಬೀಳುವುದು. ಆದ್ದರಿಂದ ಸಂದುಗಳಲ್ಲಿ ಮಾತಾಡುತ್ತ, ಕೋಲು ಕುಟ್ಟುತ್ತ ನಡೆಯಿರಿ. ಕಂಡರೆ ಓಡಬೇಡಿ, ಕಲ್ಲೆಸೆಯಬೇಡಿ, ಅದಕ್ಕೆ ಹೋಗಲು ದಾರಿ ಬಿಟ್ಟು ಹಿಂದೆ ಸರಿಯಿರಿ. ಗವಿಯೊಳಗೆ ಇಣುಕುವುದು ಬೇಡ. ಮಕ್ಕಳು ಸಾಲಿನ ನಡುವೆ ಇರಲಿ.

ಹೆಜ್ಜೇನಿಗೆ ಮಾತ್ರ ಇದಕ್ಕೆ ವಿರುದ್ಧ. ಚಾಚಿದ ಬಂಡೆಯ ಕೆಳಗೆ ಜೇನುಹುಟ್ಟು ಕಂಡರೆ ಸದ್ದಿಲ್ಲದೆ ದಾಟಿ. ಬೀಡಿ, ಹೊಗೆ, ಅತ್ತರು, ಡ್ರೋನ್ ಯಾವುದೂ ಬೇಡ. ಜೇನೆದ್ದರೆ ನಿಲ್ಲದೆ ಮುಖ ಮುಚ್ಚಿಕೊಂಡು ದೂರ ಹೋಗಿ, ಆಮೇಲೆ ಉಗುರಿನಿಂದ ಕೆರೆದು ಕೊಂಡಿ ತೆಗೆಯಿರಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಕೆಡುಕು. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಕೋಲು ಕಟ್ಟಿ ಅಲುಗದಂತೆ ಮಾಡಿ. ನಡೆಸದೆ ಹೊತ್ತು ಇಳಿಸಿ. 108ಕ್ಕೆ ಮೊದಲೇ ಫೋನು ಮಾಡಿ ಗಂಗಾವತಿ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸಲು ಕಳೆದ ಹೊತ್ತು ವಾಪಸು ಬರುವುದಿಲ್ಲ.

ಬಿಸಿಲಿಗೆ ಬಿದ್ದವರ ಮೊದಲ ಲಕ್ಷಣ ತಲೆನೋವು, ವಾಕರಿಕೆ, ಕಾಲಿನ ಮೀನಖಂಡ ಹಿಡಿಯುವುದು. ಬಂಡೆಯ ನೆರಳಿಗೆ ಕರೆದೊಯ್ದು, ಟವೆಲ್ ಒದ್ದೆ ಮಾಡಿ ಕತ್ತು, ಕಂಕುಳಿಗೆ ಇಟ್ಟು ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ ಅದು ಬರೀ ಸುಸ್ತಲ್ಲ. ಬಾಯಿಗೆ ನೀರು ಹಾಕದೆ ಮೈ ತಣಿಸುತ್ತಲೇ 108ಕ್ಕೆ ಕರೆಯಿರಿ.

ಇಳಿದ ಮೇಲೆ ಮಧ್ಯಾಹ್ನ ಕೈಯಲ್ಲಿದ್ದರೆ ಕೊಪ್ಪಳಕ್ಕೆ ಹೋಗಬಹುದು. ಅಲ್ಲಿ ಗವಿಮಠದ ಗುಡ್ಡದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಶಾಸನಗಳಿವೆ. ಬಂಡೆಬರಹ ಮಟ್ಟಮಧ್ಯಾಹ್ನ ಓದಲಾಗುವುದಿಲ್ಲ, ಗೀರುಗಳೆಲ್ಲ ಬೆಳಕಿನಲ್ಲಿ ಮುಳುಗಿಹೋಗುತ್ತವೆ. ಊಟ ಮಾಡಿ, ಮಲಗಿ, ಮುಳ್ಳು ತೆಗೆದುಕೊಂಡು, ನಾಲ್ಕರ ಮೇಲೆ ಗವಿಮಠದ್ದನ್ನು ನೋಡಿ. ಓರೆ ಬೆಳಕಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಪಾಲ್ಕಿಗುಂಡಿಗೆ ಮತ್ತೆ ಬಂಡೆ ಹತ್ತಬೇಕು. ಅದನ್ನು ಅದೇ ದಿನಕ್ಕೆ ಸೇರಿಸಬೇಡಿ.