ಆಟದ ತೋಡಿನಲ್ಲಿ ಪಲ್ಪರ್ ನೀರಿನ ಪಾಠ: ನಾವು ಮಾಡಿದ ಕ್ರಮ

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬರುವ ಪಲ್ಪಿಂಗ್ ನೀರು ತೋಡಿಗೆ ಬಿದ್ದರೆ ಮೀನು ಏಕೆ ಸಾಯುತ್ತದೆ? ಕೊಡಗಿನ ಎಂಟನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: 'ವಿಷ'. ನಿಜವಾದ ಕಾರಣ ಬೇರೆ. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಮತ್ತು ಪೆಕ್ಟಿನ್‌ಗಳನ್ನು ಸೂಕ್ಷ್ಮಜೀವಿಗಳು ತಿಂದು ಹೆಚ್ಚುತ್ತವೆ, ಹೆಚ್ಚುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಇದು ಕಣ್ಣಿಗೆ ಕಾಣದ, ದಿನಗಟ್ಟಲೆ ನಡೆಯುವ ಕ್ರಿಯೆ. ಕಂಪ್ಯೂಟರ್ ಆಟದ ಲೋಕ ನೆರವಾಗುವುದು ಇಂಥ ಕಡೆಯಲ್ಲೇ. ಹಾರ್ವರ್ಡ್‌ನಲ್ಲಿ ರೂಪಿಸಿದ ಕಲಿಕೆಯ ಆಟ ಇಕೋಮೂವ್‌ನಲ್ಲೂ ಮಕ್ಕಳು ಒಂದು ಕೊಳವನ್ನು ಬೇರೆ ಬೇರೆ ದಿನಗಳಲ್ಲಿ ನೋಡಿ ಮೀನು ಸತ್ತ ಕಾರಣ ಹುಡುಕುತ್ತಾರೆ. ಆ ಉಪಾಯವನ್ನೇ ನಮ್ಮ ತೋಡಿಗೆ ಹೊಂದಿಸಿದೆವು.

ಬೇಕಾದದ್ದು ಏಳು ಹಳೆಯ ಲ್ಯಾಪ್‌ಟಾಪ್, ಒಂದು ವೈಫೈ ರೂಟರ್, ರೂಟರಿಗೊಂದು ಯುಪಿಎಸ್, ಬ್ಲಾಕ್ ಜೋಡಿಸಿ ಆಟದ ಲೋಕ ಕಟ್ಟುವ ಲುವಾಂಟಿ ಎಂಬ ಉಚಿತ ತಂತ್ರಾಂಶ. 2024ರ ಅಕ್ಟೋಬರ್‌ವರೆಗೆ ಇದರ ಹೆಸರು ಮೈನ್‌ಟೆಸ್ಟ್. ಪಾಠ ನಡೆಯುವಾಗ ಇಂಟರ್ನೆಟ್ ಬೇಡ. ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಕಡೆ ಇದು ದೊಡ್ಡ ಅನುಕೂಲ. ಆದರೆ 5.8ನೇ ಆವೃತ್ತಿಯಿಂದೀಚೆಗೆ ತಂತ್ರಾಂಶದ ಜೊತೆ ಆಟ ಬರುವುದಿಲ್ಲ. 'ಮೈನ್‌ಟೆಸ್ಟ್ ಗೇಮ್' ಅನ್ನು ನೆಟ್ ಇರುವಾಗಲೇ ಇಳಿಸಿಕೊಳ್ಳಬೇಕು. ಅದೂ ಸರ್ವರ್ ಆಗುವ, ಅಂದರೆ ಆಟವನ್ನು ಎಲ್ಲರಿಗೂ ನಡೆಸಿಕೊಡುವ, ಲ್ಯಾಪ್‌ಟಾಪಿಗೆ ಮಾತ್ರ ಸಾಕು, ಉಳಿದ ಆರಕ್ಕೆ ಬೇಕಾದ ಚಿತ್ರಗಳು ಸರ್ವರಿನಿಂದಲೇ ಹೋಗುತ್ತವೆ. ಮೊದಲ ಸಲ ಸೇರುವಾಗ ತಡವಾಗುವುದು ಇದಕ್ಕೇ. ಹಿಂದಿನ ದಿನವೇ ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಒಮ್ಮೆ ಸೇರಿಸಿಟ್ಟರೆ ತರಗತಿಯ ಹೊತ್ತು ಉಳಿಯುತ್ತದೆ.

ಸಮತಟ್ಟಾದ ಲೋಕ ಆರಿಸಿ, 60 ಬ್ಲಾಕ್ ಉದ್ದ, 3 ಬ್ಲಾಕ್ ಅಗಲದ ತೋಡು ಕಟ್ಟಿದೆವು. ಇಲ್ಲಿ ಎಲ್ಲರೂ ಎಡವುವುದು ನೀರಿನಲ್ಲಿ. ಮೇಲ್ಗಡೆ ಒಂದು ಬಕೆಟ್ ನೀರು ಸುರಿದರೆ ಅದು ಏಳೆಂಟು ಬ್ಲಾಕ್ ಹರಿದು ನಿಂತುಬಿಡುತ್ತದೆ, ಕೆಳಗಿನ ತೋಡು ಒಣಗಿಯೇ ಇರುತ್ತದೆ. ಗದ್ದೆಯ ಮೆಟ್ಟಿಲಿನಂತೆ 12 ಬ್ಲಾಕಿಗೊಮ್ಮೆ ಒಂದು ಬ್ಲಾಕ್ ಇಳಿಸಿ, ಪ್ರತಿ ಮೆಟ್ಟಿಲನ್ನೂ ಬಕೆಟ್ ನೀರಿನಿಂದಲೇ ಪೂರ್ತಿ ತುಂಬಬೇಕು. ಈ ನೀರು ಕೊಳೆಯನ್ನು ಹೊತ್ತೊಯ್ಯುವುದಿಲ್ಲ. ಹಾಗಾಗಿ ದಡದಲ್ಲಿ ಐದು ಕಡೆ ಬೋರ್ಡ್ ನೆಟ್ಟು ಆಮ್ಲಜನಕದ ಅಳತೆ ಬರೆದೆವು. ಪಲ್ಪರಿಗಿಂತ ಮೇಲೆ ಲೀಟರಿಗೆ 7.6 ಮಿಲಿಗ್ರಾಂ, ಪಲ್ಪರಿನ ಕೆಳಗೆ 1.8, ಮುಂದೆ 3.1, 4.9, ಕೊನೆಗೆ 6.4. ಕುಸಿದು ಮತ್ತೆ ಏರುವ ಈ ಇಳಿಜಾರೇ ಪಾಠದ ತಿರುಳು. ಅಂಕಿಗಳು ಪಾಠಕ್ಕೆಂದು ನಾವೇ ಬರೆದವು, ಅಳೆದು ತಂದವಲ್ಲ. ಅದನ್ನು ಮಕ್ಕಳಿಗೂ ಹೇಳುತ್ತೇವೆ. ಅಂಕಿ ಬರೆಯುವಾಗ ಪುಸ್ತಕದ ಕೋಷ್ಟಕವನ್ನು ಹಾಗೇ ಎತ್ತಬಾರದು. 20 ಡಿಗ್ರಿಯಲ್ಲಿ 9.1 ಎಂಬುದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಗಾಳಿಯ ಒತ್ತಡ ಕಡಿಮೆ, ಅಲ್ಲಿ ತಿಳಿನೀರು ಹಿಡಿದಿಡುವುದು ಎಂಟರ ಆಸುಪಾಸು.

ಅದೇ ತೋಡಿನ ನಾಲ್ಕು ಪ್ರತಿಗಳನ್ನು ಪಕ್ಕಪಕ್ಕ ಕಟ್ಟಿ ನಡುವೆ ಗೋಡೆ ಎಬ್ಬಿಸಿದೆವು: ಅರೇಬಿಕಾ ಕೊಯ್ಲಿಗೆ ಮೊದಲು, ಪಲ್ಪಿಂಗ್ ಶುರುವಾದ ವಾರ, ತಿಂಗಳ ನಂತರ, ಮಳೆ ಬಿದ್ದ ಮೇಲೆ. ನೀರಿಗೆ ಕಂದು ಬಣ್ಣ ಕೊಡಬೇಡಿ. ಬಣ್ಣ ಕಂಡ ಕೂಡಲೇ ಮಕ್ಕಳು 'ವಿಷ' ಎಂಬ ಹಳೆಯ ಉತ್ತರಕ್ಕೇ ಮರಳುತ್ತಾರೆ, ಅಂಕಿ ನೋಡುವುದಿಲ್ಲ.

ಲ್ಯಾಪ್‌ಟಾಪ್ ಸರ್ವರಿಗೆ ಸೇರದಿದ್ದರೆ ಮೂರು ಕಡೆ ನೋಡಿ. ವಿಂಡೋಸ್ ಫೈರ್‌ವಾಲ್ ಯುಡಿಪಿ 30000 ಪೋರ್ಟನ್ನು ತಡೆದಿರಬಹುದು. ರೂಟರಿನ ಗೆಸ್ಟ್ ವೈಫೈಯಲ್ಲಿದ್ದರೆ ಸಾಧನಗಳು ಒಂದಕ್ಕೊಂದು ಕಾಣುವುದಿಲ್ಲ. ಕರೆಂಟ್ ಹೋಗಿ ಬಂದಾಗ ಸರ್ವರಿನ ಐಪಿ ವಿಳಾಸ ಬದಲಾಗಿರಬಹುದು, ಅದನ್ನು ರೂಟರಿನಲ್ಲೇ ಕಾಯ್ದಿರಿಸಿಡಿ. ಚಿತ್ರ ತಡವರಿಸಿದರೆ ದೃಷ್ಟಿಯ ದೂರವನ್ನು 50ಕ್ಕೆ ಇಳಿಸಿ.

ಕನ್ನಡದ್ದೊಂದು ತೊಂದರೆ ಇದೆ. ಲುವಾಂಟಿಯ ಬೋರ್ಡಿನಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. 'ಆಮ್ಲಜನಕ' ಎಂದು ಬರೆದರೆ ಮ, ಲ ಬಿಡಿಬಿಡಿಯಾಗಿ ಬೀಳುತ್ತವೆ. ಬೋರ್ಡಿನಲ್ಲಿ ಠಾಣೆಯ (ಅಳತೆಯ ಜಾಗದ) ಸಂಖ್ಯೆ ಮತ್ತು ಅಳತೆ ಮಾತ್ರ ಇಟ್ಟು, ಪ್ರಶ್ನೆ ವಿವರಣೆಗಳನ್ನೆಲ್ಲ ಹಾಳೆಗೆ ತಂದೆವು. ಇದು ಅನಿವಾರ್ಯಕ್ಕೆ ಮಾಡಿದ್ದು. ಆದರೆ ಸಂಶೋಧನೆಯೂ ಅದೇ ದಾರಿ ತೋರಿಸುತ್ತದೆ. 2013ರಲ್ಲಿ ವೌಟರ್ಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಕಲಿಕೆಯ ಆಟಗಳಿಂದ ಸಿಕ್ಕ ಲಾಭ 0.29. ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಡುವೆ ಇದ್ದ ಮಗು ಸುಮಾರು ಹನ್ನೊಂದು ಸ್ಥಾನ ಮುಂದೆ ಹೋದಂತೆ. ಉತ್ಸಾಹ ಹೆಚ್ಚಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಆಟದ ಜೊತೆ ಬೇರೆ ಬಗೆಯ ಪಾಠ ಇದ್ದಾಗ, ಹಲವು ಅವಧಿ ನಡೆದಾಗ, ಗುಂಪಿನಲ್ಲಿ ಆಡಿದಾಗ ಕಲಿಕೆ ಹೆಚ್ಚು. 2014ರ ಮರ್ಚೆಂಟ್ ಅವರ ವಿಶ್ಲೇಷಣೆಯಲ್ಲಿ ಮಾತ್ರ ಒಬ್ಬರೇ ಆಡುವುದೇ ಮೇಲು. ಇವೆರಡರ ನಡುವೆ ನಾವು ಹಿಡಿದ ದಾರಿ: ಪರದೆಗೆ ಇಬ್ಬರು, ಪುಸ್ತಕ ಒಬ್ಬೊಬ್ಬರಿಗೂ ಬೇರೆ.

ಮೂರು ಅವಧಿ, ಒಂದೊಂದೂ 40 ನಿಮಿಷ. ಮೊದಲ 8 ನಿಮಿಷ ಕಂಪ್ಯೂಟರ್ ಮುಚ್ಚಿಯೇ ಇರಲಿ: ಯಾವ ಠಾಣೆಯಲ್ಲಿ ಅಳತೆ ಎಷ್ಟಿರಬಹುದೆಂದು ಊಹಿಸಿ ಬರೆಯಬೇಕು. 17 ನಿಮಿಷ ಆಟ. ಉಳಿದ 15 ನಿಮಿಷ ಗ್ರಾಫ್ ಬರೆದು, ಊಹೆ ಎಲ್ಲಿ ತಪ್ಪಿತು ಎಂದು ಮಾತಾಡಬೇಕು. ಆಟ ಹಿಗ್ಗಿದರೆ ಈ ಹದಿನೈದು ನಿಮಿಷವೇ ಮೊದಲು ಹೋಗುವುದು, ಹಾಗಾಗಿ ಗಡಿಯಾರ ಶಿಕ್ಷಕರ ಕೈಯಲ್ಲಿರಲಿ. ಮೊದಲ ಎರಡು ಅವಧಿಗಳಲ್ಲಿ ಮಕ್ಕಳ 'ಇಂಟರ್‍ಯಾಕ್ಟ್' ಅನುಮತಿ ತೆಗೆದಿಡಿ, ಇಲ್ಲದಿದ್ದರೆ ಐದೇ ನಿಮಿಷದಲ್ಲಿ ತೋಡನ್ನು ಅಗೆದುಹಾಕುತ್ತಾರೆ. ಆಗಲೂ ಬೋರ್ಡಿನ ಹತ್ತಿರ ಹೋಗಿ ಗುರಿಯಿಟ್ಟರೆ ಅಕ್ಷರ ಕಾಣುತ್ತದೆ. ಮೂರನೆಯದರಲ್ಲಿ ಅನುಮತಿ ಮರಳಿಸಿ, ಪಲ್ಪರ್ ನೀರಿಗೆ ಇಂಗುಗುಂಡಿ ಎಲ್ಲಿರಬೇಕೆಂದು ಅವರಿಂದಲೇ ಕಟ್ಟಿಸಿ. ಅದಕ್ಕೆ ಮೊದಲು ಸರ್ವರ್ ನಿಲ್ಲಿಸಿ ಲೋಕದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ.

ಕಲಿತರೋ ಇಲ್ಲವೋ ತಿಳಿಯಲು ಇನ್ನೊಂದು ವಿಭಾಗಕ್ಕೆ ಅದೇ ಹಾಳೆ, ಅದೇ ಅಂಕಿ, ಅದೇ 120 ನಿಮಿಷ ಕೊಡಿ, ಆಟ ಮಾತ್ರ ಬೇಡ. ಆಟದ ವಿಭಾಗಕ್ಕೆ ಹೆಚ್ಚು ಹೊತ್ತು ಸಿಕ್ಕಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮೂರು ವಾರ ಬಿಟ್ಟು ಎರಡೂ ವಿಭಾಗಕ್ಕೆ ಹೊಸ ಪ್ರಶ್ನೆ ಕೇಳಿ: ಗೊಬ್ಬರ ಹಾಕಿದ ಗದ್ದೆಯ ಕೆಳಗಿನ ಕೆರೆಯಲ್ಲಿ ಪಾಚಿ ಕಟ್ಟಿದೆ, ಮುಂಜಾನೆ ಮೀನು ತೇಲುತ್ತಿದೆ, ಏಕೆ? ಉತ್ತರದಲ್ಲಿ ರಾತ್ರಿ ಮತ್ತು ಆಮ್ಲಜನಕ ಎರಡೂ ಬಂದರೆ ಮಾತ್ರ ಪೂರ್ಣ ಅಂಕ.